ಎರಡನೆಯ ಬಾಣಂತನ ಕಿರಿದಲ್ಲ

ಚೊಚ್ಚಲ ಬಾಣಂತನ ತವರಿನದು, ಎರಡನೆಯದು ಗಂಡನ ಮನೆಯದು ಎಂಬ ರೂಢಿ ಮಲೆನಾಡಿನ ಹಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಬಂದಿದೆ. ಮೊದಲ ಹೆರಿಗೆಗೆ ಮಗಳು ಸಾಗರಕ್ಕೋ ಸಿದ್ದಾಪುರಕ್ಕೋ ಕೊಪ್ಪಕ್ಕೋ ಬರುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಉಳಿದು, ಮಗುವನ್ನು ಎತ್ತಿಕೊಂಡು ಹಿಂದಿರುಗುತ್ತಾಳೆ. ಎರಡನೆಯ ಬಾರಿ ಅವಳು ಊರಿಗೆ ಬರುವಂತಿಲ್ಲ. ಹಿರಿಯ ಮಗು ವಿಜಯನಗರದ ಯಾವುದೋ ಶಾಲೆಗೆ ಸೇರಿರುತ್ತದೆ, ಗಂಡನಿಗೆ ರಜೆ ಇರುವುದಿಲ್ಲ, ತೋರಿಸಿಕೊಳ್ಳುತ್ತಿರುವ ವೈದ್ಯರು ಅಲ್ಲಿಯೇ ಇರುತ್ತಾರೆ. ಹೀಗಾಗಿ ತಾಯಿಯೇ ಗಂಟುಮೂಟೆ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ.

ಸ್ವಾತಂತ್ರ್ಯದ ಬೆನ್ನಿಗೇ ಕಾರ್ಮಿಕರ ಉಪನಗರವಾಗಿ ರೂಪುಗೊಂಡ ರಾಜಾಜಿನಗರ, ಅನಂತರ ಬೆಳೆದ ವಿಜಯನಗರ ಮತ್ತು ಬಸವೇಶ್ವರನಗರ, ಮೈಸೂರು ರಸ್ತೆಯ ಕೆಂಗೇರಿ ಉಪನಗರ – ಪಶ್ಚಿಮ ಬೆಂಗಳೂರಿನ ಈ ಬಡಾವಣೆಗಳಲ್ಲಿ ಮಲೆನಾಡಿನಿಂದ ಹೋಗಿ ನೆಲೆಸಿದ ಕುಟುಂಬಗಳು ಸಾಕಷ್ಟಿವೆ. ತುಮಕೂರು ರಸ್ತೆಯಿಂದ ಬರುವ ಬಸ್ಸುಗಳು ಬೆಳಗಿನ ಜಾವ ಗೊರಗುಂಟೆಪಾಳ್ಯ, ಯಶವಂತಪುರಗಳಲ್ಲಿ ಜನರನ್ನು ಇಳಿಸುತ್ತವೆ; ಕೊಡಗಿನ ಕಡೆಯವು ಕೆಂಗೇರಿಯನ್ನು ಹಾದು ಸ್ಯಾಟಲೈಟ್ ನಿಲ್ದಾಣ ಸೇರುತ್ತವೆ. ಹಾಗೆ ಇಳಿಯುವ ಅಜ್ಜಿಯರ ಚೀಲಗಳಲ್ಲಿ ಕಾಳುಮೆಣಸು, ಒಣಶುಂಠಿ, ಹಿಪ್ಪಲಿ, ತುಪ್ಪದ ಡಬ್ಬಿ, ಹಳೆಯ ಹತ್ತಿ ಸೀರೆ ಇರುತ್ತವೆ. ಮಲೆನಾಡಿನ ಒಂದು ಇಡೀ ಪದ್ಧತಿ ಆ ಚೀಲಗಳಲ್ಲಿ ನಗರಕ್ಕೆ ಸಾಗುತ್ತದೆ. ಆದರೆ ಆ ಪದ್ಧತಿಗೆ ಆಸರೆಯಾಗಿದ್ದ ಮನೆ, ಹಿತ್ತಿಲು, ಬಚ್ಚಲು ಮತ್ತು ನೆರೆಹೊರೆ ಊರಿನಲ್ಲೇ ಉಳಿಯುತ್ತವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ ಸಂಖ್ಯೆ 1.7. ಎಂದರೆ ಬಹುಪಾಲು ಮನೆಗಳಲ್ಲಿ ಎರಡನೆಯ ಬಾಣಂತನವೇ ಕೊನೆಯದು. ಕೊನೆಯದಾದರೂ ಅದಕ್ಕೆ ಸಿಗುವ ಗಮನ ಮೊದಲನೆಯದರ ಅರ್ಧವೂ ಇರುವುದಿಲ್ಲ. "ಎರಡನೆಯದಲ್ಲವೇ, ಅವಳಿಗೆ ಎಲ್ಲ ಗೊತ್ತಿದೆ" ಎಂಬ ಒಂದು ಮಾತಿನಲ್ಲಿ ಎಲ್ಲರ ಹೊಣೆಯೂ ಮುಗಿದುಹೋಗುತ್ತದೆ. ಈ ಮಾತನ್ನು ಪ್ರಶ್ನಿಸಬೇಕಾಗಿದೆ. ಒಂದು ಬೆಳೆ ಕೊಯ್ದ ಗದ್ದೆಯಲ್ಲಿ ಎರಡನೆಯ ಬೆಳೆ ಇಡುವ ರೈತ, ಈ ನೆಲಕ್ಕೆ ಬೆಳೆ ಕೊಟ್ಟು ಅನುಭವವಿದೆಯೆಂದು ಗೊಬ್ಬರ ಕಡಿಮೆ ಮಾಡುವುದಿಲ್ಲ. ಮೊದಲ ಬೆಳೆ ನೆಲದ ಸಾರವನ್ನು ಕೊಂಡೊಯ್ದಿದೆ ಎಂಬುದು ಅವನಿಗೆ ತಿಳಿದಿರುತ್ತದೆ. ಅದೇ ರೈತನ ಮನೆಯಲ್ಲಿ ಮಗಳ ವಿಷಯಕ್ಕೆ ಬಂದಾಗ ಈ ತಿಳಿವಳಿಕೆ ಏಕೆ ಮರೆಯಾಗುತ್ತದೆ?

ದೇಹ ಮರೆಯದ ಲೆಕ್ಕ

ಎರಡನೆಯ ಹೆರಿಗೆ ಹಲವರಿಗೆ ಬೇಗ ಆಗುತ್ತದೆ, ಹಾಲೂ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಅನುಭವದ ಲಾಭ ಇಷ್ಟು ನಿಜ. ಆದರೆ ಗರ್ಭಕೋಶ ಮತ್ತೆ ಕುಗ್ಗುವಾಗಿನ ನೋವು ಮೊದಲ ಬಾರಿಗಿಂತ ಎರಡನೆಯ ಬಾರಿ ಹೆಚ್ಚು. ಮಗು ಹಾಲು ಕುಡಿಯುವಾಗಲೆಲ್ಲ ಹೊಟ್ಟೆ ಹಿಂಡಿದಂತಾಗುತ್ತದೆ. ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಲು ಸುಮಾರು ಆರು ವಾರ ಬೇಕು. ಅದು ಎಷ್ಟನೆಯ ಹೆರಿಗೆ ಎಂಬುದನ್ನು ನೋಡಿ ಈ ಅವಧಿ ಕಿರಿದಾಗುವುದಿಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹೆರಿಗೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಶಸ್ತ್ರಚಿಕಿತ್ಸೆಯದು. ಒಂದು ಬಸಿರು, ಒಂದು ಹೆರಿಗೆ, ತಿಂಗಳುಗಟ್ಟಲೆ ಹಾಲೂಡಿಕೆ – ಇವುಗಳಿಂದ ಬರಿದಾದ ಕಬ್ಬಿಣದ ಸಂಗ್ರಹ ತುಂಬುವ ಮೊದಲೇ ಎರಡನೆಯ ಬಸಿರು ಬಂದಿದ್ದರಂತೂ ಕೊರತೆ ಇನ್ನೂ ಆಳವಾಗಿರುತ್ತದೆ. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗುವ ಮೊದಲು ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ.

ಈ ದೇಹಕ್ಕೆ ಮೊದಲ ಬಾರಿ ಇಲ್ಲದಿದ್ದ ಇನ್ನೊಂದು ಹೊರೆಯೂ ಸೇರುತ್ತದೆ. ತವರಿನಲ್ಲಿ ಮಗು ಮಲಗಿದಾಗ ಬಾಣಂತಿಯೂ ಮಲಗುತ್ತಿದ್ದಳು. ಈಗ ಮಗು ಮಲಗುವ ಹೊತ್ತಿಗೆ ಹಿರಿಯದು ಎದ್ದಿರುತ್ತದೆ. ಬೆಳಗ್ಗೆ ಎಂಟಕ್ಕೆ ಶಾಲೆಯ ವ್ಯಾನು, ಮಧ್ಯಾಹ್ನ ಊಟ, ಸಂಜೆ ಮನೆಪಾಠ, ರಾತ್ರಿ "ಅಮ್ಮನ ಪಕ್ಕವೇ ಮಲಗುತ್ತೇನೆ" ಎಂಬ ಹಟ. ನಾಲ್ಕು ವರ್ಷದ ಮಗುವನ್ನು ಎತ್ತಬಾರದೆಂದು ಹೊಟ್ಟೆ ಕೊಯ್ಯಿಸಿಕೊಂಡ ತಾಯಿಗೆ ವೈದ್ಯರು ಹೇಳಿರುತ್ತಾರೆ; ನಾಲ್ಕು ವರ್ಷದ ಮಗುವಿಗೆ ಯಾರೂ ಹೇಳಿರುವುದಿಲ್ಲ. ಎರಡನೆಯ ಬಾಣಂತನದ ನಿಜವಾದ ಕೆಲಸ ಹಸುಗೂಸಿನ ಆರೈಕೆಯಷ್ಟೇ ಅಲ್ಲ. ತಾಯಿಯ ನಿದ್ದೆ ಮತ್ತು ಹಿರಿಯ ಮಗುವಿನ ದಿನಚರಿ – ಇವೆರಡನ್ನೂ ಬೇರೆ ಯಾರಾದರೂ ವಹಿಸಿಕೊಳ್ಳಬೇಕು.

ಪದ್ಧತಿ ಬಂತು, ಮನೆ ಬರಲಿಲ್ಲ

ನೆರಳಿನಲ್ಲಿ ಬೆಳೆದ ಏಲಕ್ಕಿ ಗಿಡವನ್ನು ಬಯಲಿನಲ್ಲಿ ನೆಟ್ಟರೆ ಗಿಡ ಅದೇ ಆದರೂ ಫಲ ಅದೇ ಆಗುವುದಿಲ್ಲ. ಬಾಣಂತನದ ಪದ್ಧತಿಗಳೂ ಹಾಗೆಯೇ. ಅವುಗಳನ್ನು ಕುರುಡಾಗಿ ಹೊಗಳುವುದೂ ಬೇಡ, ಮೂಢನಂಬಿಕೆಯೆಂದು ಒಟ್ಟಾಗಿ ಎಸೆಯುವುದೂ ಬೇಡ. ಯಾವುದು ಯಾವ ಮನೆಗೆ ಹೊಂದುತ್ತಿತ್ತು ಎಂದು ನೋಡಬೇಕು.

ಅಗ್ಗಿಷ್ಟಿಕೆಯನ್ನೇ ತೆಗೆದುಕೊಳ್ಳೋಣ. ಮಳೆಗಾಲದ ಥಂಡಿಯಲ್ಲಿ ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು, ಮಗುವಿಗೆ ನೀರೆರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು ವಾಡಿಕೆ. ಹೆಂಚಿನ ಮನೆಯಲ್ಲಿ ಮಾಡಿನ ಸಂದುಗಳಿಂದ ಹೊಗೆ ಹೊರಹೋಗುತ್ತಿತ್ತು. ಆದರೂ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಿತವೇನೂ ಆಗಿರಲಿಲ್ಲ. ಬಸವೇಶ್ವರನಗರದ ಕಾಂಕ್ರೀಟು ಮನೆಯ ಹತ್ತಡಿ ಕೋಣೆಯಲ್ಲಿ, ಗಾಜಿನ ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಬಟ್ಟೆ ತುರುಕಿ ಇದ್ದಿಲು ಉರಿಸಿದರೆ ಅಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಸೇರಿದರೆ ಆಮ್ಲಜನಕದ ಜಾಗವನ್ನು ಅದೇ ಆಕ್ರಮಿಸುತ್ತದೆ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಬೆಂಗಳೂರಿನಲ್ಲಿ ಸಾವುಗಳು ಸಂಭವಿಸಿರುವುದೂ ಇದೇ ಅನಿಲದಿಂದ. ಮಗುವನ್ನು ಬೆಚ್ಚಗಿಡಲು ಕೆಂಡ ಬೇಕಿಲ್ಲ. ಟೋಪಿ, ಕಾಲುಚೀಲ, ಮೆತ್ತನೆಯ ಹತ್ತಿ ಬಟ್ಟೆ, ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ಎದೆಯ ಬಿಸುಪು ಸಾಕು. ತಾಯಿ ಮಲಗಿದ್ದಾಗ ತಂದೆಯ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಬಿಸಿನೀರಿನ ಕಥೆಯೂ ಇಂಥದ್ದೇ. ಊರಿನ ಬಚ್ಚಲೊಲೆಗೆ ಅಡಿಕೆ ಸೋಗೆ, ತೆಂಗಿನ ಮಟ್ಟೆ ತುಂಬಿದರೆ ತಾಮ್ರದ ಹಂಡೆ ದಿನವಿಡೀ ಬಿಸಿಯಾಗಿರುತ್ತದೆ. ಎದುರಿಗೆ ಬಾವಿಯೋ ಅಬ್ಬಿಯೋ ಇರುತ್ತದೆ. ನಗರದ ಮನೆಯಲ್ಲಿ 15 ಅಥವಾ 25 ಲೀಟರಿನ ಗೀಸರು, ಸಂಪಿಗೆ ದಿನ ಬಿಟ್ಟು ದಿನ ಬರುವ ನೀರು. ಆ ನೀರಾದರೂ ಕೊಡಗಿನಲ್ಲಿ ಹುಟ್ಟಿದ ಕಾವೇರಿಯದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ, ಹಂತ ಹಂತವಾಗಿ ಪಂಪು ಮಾಡಿ ತಂದದ್ದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರದ ಹಲವು ಬಡಾವಣೆಗಳು ಟ್ಯಾಂಕರಿಗೆ ಕಾದು ನಿಂತವು. ಆ ವರ್ಷ ಬಾಣಂತಿಯಿದ್ದ ಮನೆಗಳ ಪಾಡನ್ನು ಊಹಿಸಬಹುದು. ಹಂಡೆಗಟ್ಟಲೆ ಸುಡುನೀರು ಸುರಿದುಕೊಂಡರೆ ಮಾತ್ರ ಬಾಣಂತನ ಎಂಬ ನಂಬಿಕೆಯನ್ನು ಇಲ್ಲಿ ಸಡಿಲಿಸಲೇಬೇಕು. ಹದವಾದ ಬೆಚ್ಚನೆಯ ನೀರಿನ ಶುಚಿಯಾದ ಸ್ನಾನ ಸಾಕು. ಹೊಲಿಗೆ ಬಿದ್ದ ಹೊಟ್ಟೆಗೆ ಸುಡುನೀರು ಎರಚುವುದಂತೂ ಸಲ್ಲದು. ಹಸುಗೂಸಿಗೆ ಹುಟ್ಟಿದ ಮೊದಲ 24 ಗಂಟೆ ಸ್ನಾನವೇ ಬೇಡ. ಹೊಕ್ಕುಳ ಬಳ್ಳಿ ತಾನಾಗಿ ಒಣಗಿ ಉದುರುವವರೆಗೆ ಅದಕ್ಕೆ ಎಣ್ಣೆ, ಬೂದಿ, ಅರಿಶಿನ ಯಾವುದನ್ನೂ ಹಚ್ಚಬಾರದು. ಕಿವಿ ಮೂಗುಗಳಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ತೀಡುವುದು ಬೇಡ.

ಇಕ್ಕಟ್ಟಾದ ಮನೆಗಳ ಇನ್ನೊಂದು ತೊಡಕು ಬೆಳಕಿನದು. ರಾಜಾಜಿನಗರ, ವಿಜಯನಗರಗಳ ಒಳರಸ್ತೆಗಳಲ್ಲಿ ಗೋಡೆಗೆ ಗೋಡೆ ತಾಗಿ ಎದ್ದಿರುವ ಮೂರು–ನಾಲ್ಕು ಅಂತಸ್ತಿನ ಮನೆಗಳ ನಡುಕೋಣೆಗಳಲ್ಲಿ ಹಗಲಿನಲ್ಲೂ ದೀಪ ಹಾಕಬೇಕು. ಎರಡು ಮೂರನೆಯ ದಿನದಿಂದ ಕಾಣಿಸಿಕೊಳ್ಳುವ ಹಸುಗೂಸಿನ ಕಾಮಾಲೆ ಆ ಬೆಳಕಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮಗುವನ್ನು ದಿನಕ್ಕೊಮ್ಮೆ ಕಿಟಕಿಯ ಬಳಿ ಹಗಲಿನ ಬೆಳಕಿಗೆ ತಂದು ನೋಡಬೇಕು. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಎಳೆಬಿಸಿಲು ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು.

ಹಸುವಿಗೆ ಕೊಟ್ಟ ನೀರು ಬಾಣಂತಿಗೂ ಸಲ್ಲಲಿ

ಕರು ಹಾಕಿದ ಹಸುವಿನ ಮುಂದೆ ಬಾನಿಯ ತುಂಬ ಬೆಚ್ಚನೆಯ ನೀರಿಟ್ಟು, ಬೇಯಿಸಿದ ಹುರುಳಿ, ಹಿಂಡಿ, ಹಸಿಹುಲ್ಲು ಕೊಡುವ ಮನೆಯಲ್ಲೇ ಬಾಣಂತಿಗೆ ನೀರನ್ನು ಲೋಟದಲ್ಲಿ ಎಣಿಸಿ ಕೊಡುವುದುಂಟು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ಭಯ. ಎದೆಹಾಲಿನಲ್ಲಿ ಶೇಕಡಾ 87ಕ್ಕೂ ಹೆಚ್ಚು ಭಾಗ ನೀರೇ. ಹಾಲೂಡುವ ತಾಯಿ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುತ್ತಾಳೆ. ಬಾಯಾರಿದಷ್ಟು ಕುಡಿಯುವುದು ಅವಳ ಹಕ್ಕು. ಮೊದಲ ಆರು ತಿಂಗಳು ಆಕೆಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಹೆಚ್ಚುವರಿ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ಹೇಳುತ್ತದೆ. ಬೇಳೆ, ಸೊಪ್ಪು, ತರಕಾರಿ, ಹಣ್ಣು ಬಿಡಿಸಿ ಬರೀ ಅನ್ನ, ತುಪ್ಪ, ಮೆಣಸಿನ ಸಾರಿನಲ್ಲಿ ನಲವತ್ತು ದಿನ ಕಳೆಯುವ ಪಥ್ಯ ಇದಕ್ಕೆ ಹೊಂದುವುದಿಲ್ಲ. ಕರುವಿಗೆ ಗಿಣ್ಣುಹಾಲು ತಪ್ಪಬಾರದೆಂದು ಬಲ್ಲ ಮನೆಗಳಲ್ಲಿ ಮಗುವಿಗೆ ಮೊದಲ ಹಳದಿ ಹಾಲನ್ನು ತಪ್ಪಿಸಿ ಜೇನುತುಪ್ಪ ನೆಕ್ಕಿಸುವ ಅಭ್ಯಾಸ ಇನ್ನೂ ಉಳಿದಿದ್ದರೆ ಅದೂ ನಿಲ್ಲಬೇಕು.

ಹಾಗೆಂದು ಅಜ್ಜಿಯ ಚೀಲವನ್ನು ಹೊರಗೆಸೆಯಬೇಕಿಲ್ಲ. ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ, ಜೀರಿಗೆ, ಒಣಕೊಬ್ಬರಿ, ಬೆಲ್ಲ, ರಾಗಿ, ಎಳ್ಳು – ಇವು ಒಳ್ಳೆಯ ಆಹಾರಗಳೇ. ಬೇಡವಾದದ್ದು ನಿಷೇಧಗಳ ಪಟ್ಟಿ, ಊಟವಲ್ಲ. ಅಂಗನವಾಡಿಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ ಹೆರಿಗೆಯ ನಂತರ 180 ದಿನ ತಪ್ಪದೆ ನುಂಗಬೇಕು. ಲೇಹ್ಯ ಆ ಮಾತ್ರೆಗೆ ಬದಲಿಯಲ್ಲ.

ಸೊಪ್ಪಿನ ವಿಷಯದಲ್ಲಿ ನಗರದವರು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಇದು ಯಾವ ನೀರಿನಲ್ಲಿ ಬೆಳೆದದ್ದು? ಪಶ್ಚಿಮ ಬೆಂಗಳೂರಿನ ಒಳಚರಂಡಿಯ ಕೊಳಕನ್ನೂ ಪೀಣ್ಯದ ಕಡೆಯ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಕೆಂಗೇರಿಯನ್ನು ದಾಟಿ ಬೈರಮಂಗಲದ ಕೆರೆ ಸೇರುತ್ತದೆ. ಆ ಕಣಿವೆಯ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹಗಳು ಕಂಡುಬಂದಿವೆ. ಸೊಪ್ಪಿನ ಒಳಗೆ ಸೇರಿದ ಲೋಹ ತೊಳೆದರೆ ಹೋಗುವುದಿಲ್ಲ. ತಪ್ಪು ಅಲ್ಲಿನ ರೈತನದಲ್ಲ. ಅವನ ಕಾಲುವೆಗೆ ಬೇರೆ ನೀರನ್ನು ನಗರ ಉಳಿಸಿಲ್ಲ. ಬಾಣಂತಿಯ ತಟ್ಟೆಯ ಮಟ್ಟಿಗೆ ಒಂದು ಸುಲಭದ ದಾರಿಯಿದೆ. ಮೆಂತ್ಯದ ಸೊಪ್ಪು ಬಿತ್ತಿದ ಸುಮಾರು 25–30 ದಿನಕ್ಕೆ, ಸಬ್ಬಸಿಗೆ 40 ದಿನದೊಳಗೆ ಕೊಯ್ಲಿಗೆ ಬರುತ್ತದೆ. ತಾರಸಿಯಲ್ಲೋ ಬಾಲ್ಕನಿಯಲ್ಲೋ ಅಗಲವಾದ ನಾಲ್ಕು ಕುಂಡ ಸಾಕು. ಎಂಟನೆಯ ತಿಂಗಳು ತುಂಬಿದಾಗ ಮೊದಲ ಕುಂಡಕ್ಕೂ, ವಾರಕ್ಕೊಂದರಂತೆ ಉಳಿದವಕ್ಕೂ ಬೀಜ ಚೆಲ್ಲಿದರೆ ಹೆರಿಗೆಯ ಹೊತ್ತಿಗೆ ಸೊಪ್ಪು ಸಿದ್ಧ. ಬಿತ್ತುವ ಮತ್ತು ನೀರು ಹಾಕುವ ಕೆಲಸ ಹಿರಿಯ ಮಗುವಿನದಾದರೆ ಇನ್ನೂ ಒಳ್ಳೆಯದು. ತಮ್ಮನೋ ತಂಗಿಯೋ ಬರುವುದರಲ್ಲಿ ತನಗೂ ಒಂದು ಪಾಲಿದೆ ಎಂದು ಆ ಮಗುವಿಗೆ ಅನ್ನಿಸುತ್ತದೆ.

ಬಟ್ಟೆ ಒಗೆಯುವವರು ಯಾರು?

ಪರಿಸರದ ಕಾಳಜಿಯಿರುವವರು ಡೈಪರನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವಿದೆ. ಹಸುಗೂಸಿಗೆ ದಿನಕ್ಕೆ ಎಂಟು ಡೈಪರು ಬದಲಿಸಿದರೆ ತಿಂಗಳಿಗೆ 240. ಪ್ಲಾಸ್ಟಿಕ್ಕು, ನೀರು ಹೀರುವ ರಾಸಾಯನಿಕ ಮತ್ತು ಮಲ ಸೇರಿದ ಈ ಮುದ್ದೆ ಗೊಬ್ಬರವಾಗುವುದಿಲ್ಲ, ಮರುಬಳಕೆಗೂ ಬರುವುದಿಲ್ಲ. ನಗರದ ಕಸ ಕೊನೆಗೆ ಯಾವುದೋ ಹಳ್ಳಿಯ ಅಂಚಿಗೇ ಹೋಗಿ ಬೀಳುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರ ಮತ್ತು ಮಂಡೂರಿನ ಜನರು ಹೋರಾಡಿ 2012 ಮತ್ತು 2014ರಲ್ಲಿ ಅದನ್ನು ನಿಲ್ಲಿಸಿದ್ದು ನೆನಪಿರಬೇಕು.

ಆದರೆ ಹತ್ತಿ ಬಟ್ಟೆಯ ಪರವಾಗಿ ಮಾತನಾಡುವವರು ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕು. ದಿನಕ್ಕೆ ಹದಿನೈದು ಇಪ್ಪತ್ತು ಬಟ್ಟೆಗಳನ್ನು ಒಗೆಯುವವರು ಯಾರು? ಮಳೆಗಾಲದಲ್ಲಿ ಒಣಗಿಸುವುದೆಲ್ಲಿ? ಹೊಲಿಗೆ ಹಾಕಿಸಿಕೊಂಡ ಬಾಣಂತಿ ಬಗ್ಗಿ ಒಗೆಯಬೇಕೆಂದಾದರೆ, ಅಥವಾ ಮಂಡಿನೋವಿನ ಅಜ್ಜಿ ಮೂರು ಮಹಡಿ ಹತ್ತಿ ಒಣಹಾಕಬೇಕೆಂದಾದರೆ, ಅಂಥ ಪರಿಸರ ಪ್ರೇಮಕ್ಕೆ ಅರ್ಥವಿಲ್ಲ. ಭೂಮಿಯನ್ನು ಉಳಿಸುವ ಕೆಲಸ ಬಾಣಂತಿಯ ಸೊಂಟದ ಮೇಲೆ ನಿಲ್ಲಬಾರದು. ಬಟ್ಟೆ ಬಳಸುವ ನಿರ್ಧಾರ ತಂದೆಯದಾಗಲಿ, ಒಗೆಯುವ ಕೈಯೂ ಅವನದೇ ಆಗಲಿ. ಹಗಲು ಹತ್ತಿ ಬಟ್ಟೆ, ರಾತ್ರಿ ಒಂದೆರಡು ಡೈಪರು ಎಂಬ ಹೊಂದಾಣಿಕೆಯಿಂದಲೂ ಕಸ ಬಹುಪಾಲು ತಗ್ಗುತ್ತದೆ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಹಸಿ ಮತ್ತು ಒಣ ಕಸದಿಂದ ಬೇರೆಯಾಗಿ ಕೊಡಬೇಕು. ಕಸ ವಿಂಗಡಿಸುವ ಪೌರಕಾರ್ಮಿಕರಲ್ಲಿಯೂ ಹಸುಗೂಸಿನ ತಾಯಂದಿರಿದ್ದಾರೆ.

ಅಜ್ಜಿ ಬಿಟ್ಟುಬಂದ ಮನೆ

ಈ ಲೆಕ್ಕದಲ್ಲಿ ಯಾರೂ ಬರೆದಿಡದ ಒಂದು ಬಾಬತ್ತಿದೆ. ಅಜ್ಜಿ ಮೂರು ತಿಂಗಳು ನಗರಕ್ಕೆ ಹೋದರೆ ಊರಿನ ಮನೆಯಲ್ಲಿ ಉಳಿಯುವುದು ಅಜ್ಜ ಒಬ್ಬರೇ. ಮಕ್ಕಳೆಲ್ಲ ಹೊರಗಿರುವ ಮಲೆನಾಡಿನ ಎಷ್ಟೋ ಮನೆಗಳ ಸ್ಥಿತಿ ಇದು. ಹೆರಿಗೆ ನವೆಂಬರಿನಿಂದ ಫೆಬ್ರುವರಿಯ ನಡುವೆ ಬಂದರೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಅದೇ ದಿನಗಳಲ್ಲಿ. ಹಾಲು ಕರೆಯುವವರಿಲ್ಲದೆ ಹಸುವನ್ನು ಕೊಟ್ಟುಬಿಟ್ಟ ಮನೆಗಳಿವೆ. ಕೊಟ್ಟಿಗೆ ಒಮ್ಮೆ ಬರಿದಾದರೆ ಮತ್ತೆ ತುಂಬುವುದು ಅಪರೂಪ, ಅದರೊಂದಿಗೆ ತೋಟದ ಗೊಬ್ಬರವೂ ಹೋಗುತ್ತದೆ. ಅರವತ್ತು ದಾಟಿದ, ತಮಗೇ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇರುವ ಹೆಂಗಸೊಬ್ಬರು ಗುರುತಿಲ್ಲದ ಬೀದಿಯಲ್ಲಿ, ಲಿಫ್ಟಿಲ್ಲದ ಮಹಡಿಯಲ್ಲಿ, ಅಡುಗೆ, ಬಾಣಂತನ, ಮೊಮ್ಮಗನ ಶಾಲೆ ಮೂರನ್ನೂ ಹೊರುತ್ತಾರೆ. ಇದಕ್ಕೆ ಕೂಲಿಯಿಲ್ಲ, ರಜೆಯಿಲ್ಲ. ಬೇಡ ಎನ್ನುವ ಅವಕಾಶವೂ ಇಲ್ಲ. ನಗರದ ಬಾಣಂತನಗಳು ನಡೆಯುತ್ತಿರುವುದು ಬೆಟ್ಟದ ಮನೆಗಳ ಈ ಸಾಲದ ಮೇಲೆ ಎಂದರೆ ತಪ್ಪಾಗದು.

ತಂದೆಯ ಪಾಲು

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, ದುಡಿಯುವ ತಾಯಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯನ್ನು ನೆಚ್ಚಿಕೊಂಡ ವಿಮಾದಾರ ಮಹಿಳೆಯರಿಗೂ ಅಷ್ಟೇ ಅವಧಿಯ ಭತ್ಯೆಯಿದೆ. ಕಾನೂನಿನ ಕಣ್ಣಿನಲ್ಲಿ ಎರಡನೆಯ ಹೆರಿಗೆ ಮೊದಲನೆಯದಕ್ಕಿಂತ ಒಂದು ದಿನವೂ ಕಡಿಮೆಯಲ್ಲ ಎಂಬುದನ್ನು ಮನೆಯವರು ಗಮನಿಸಬೇಕು. ಆದರೆ ಅದೇ ಕಾನೂನು ತಂದೆಯ ವಿಷಯದಲ್ಲಿ ಮೌನವಾಗಿದೆ. ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಸಂಸ್ಥೆಯವನಿಗೆ ಕಾನೂನು ಬದ್ಧವಾಗಿ ಒಂದು ದಿನವೂ ಇಲ್ಲ, ಇದ್ದರೆ ಅದು ಮಾಲೀಕರ ಔದಾರ್ಯ. ತಂದೆಗೂ ರಜೆ ಬೇಕೆಂಬ ಬೇಡಿಕೆ ಕೇವಲ ನಗರದ ಬೇಡಿಕೆಯಲ್ಲ. ಅವನು ಹೊರದ ಹೊರೆ ಕೊನೆಗೆ ಬಂದು ಬೀಳುವುದು ಬೆಟ್ಟದಿಂದ ಹೋದ ಅಜ್ಜಿಯ ಹೆಗಲಿಗೆ.

ರಜೆಯಿಲ್ಲದ ತಂದೆಗೂ ಬೆಳಗಿನ ಎರಡು ಗಂಟೆ, ರಾತ್ರಿಯ ಮೂರು ಗಂಟೆ ಇವೆ. ಹಿರಿಯ ಮಗುವನ್ನು ಎಬ್ಬಿಸಿ ಶಾಲೆಗೆ ಬಿಡುವುದು, ಬಟ್ಟೆ, ರಾತ್ರಿಯ ಒಂದು ಸರದಿ ಎತ್ತಿ ಆಡಿಸುವುದು – ಇವು ಸಹಾಯವಲ್ಲ, ಅವನ ಪಾಲಿನ ಕೆಲಸ. ಹತ್ತು ಹನ್ನೊಂದು ದಿನದ ಪುರುಡು ಎಂಬ ಮೈಲಿಗೆಯನ್ನು ಇಂದಿನ ಹಲವು ಮನೆಗಳು ಕೈಬಿಟ್ಟಿವೆ. ಒಳ್ಳೆಯದೇ. ಆದರೆ ಮೈಲಿಗೆಯ ನೆಪದಲ್ಲಿ ಬಾಣಂತಿಗೆ ಸಿಗುತ್ತಿದ್ದ ಒಲೆಯ ಮುಂದಿನ ಬಿಡುವೂ ಅದರೊಂದಿಗೆ ಹೋಗಿದೆ. ಮುಟ್ಟಬಾರದು ಎಂಬ ನಿಯಮ ಹೋಗಲಿ, ಬಿಡುವು ಉಳಿಯಲಿ. ಬಿಡುವೆಂದರೆ ಅಲುಗಾಡದೆ ಮಲಗುವುದೂ ಅಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಮೆಲ್ಲನೆ ಓಡಾಡಬೇಕು.

ಎರಡನೆಯ ಹೆರಿಗೆಯ ಹೊತ್ತಿನಲ್ಲಿ ಇನ್ನೊಂದು ಭಾರವೂ ಮಾತಿಲ್ಲದೆ ತಾಯಿಯ ಮೇಲೆ ಬೀಳುತ್ತದೆ. ಇನ್ನು ಮಕ್ಕಳು ಸಾಕೆಂದಾದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಹೆರಿಗೆಯ ಬೆನ್ನಿಗೇ ಅವಳಿಗೇ ಆಗುತ್ತದೆ. ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ವಿಧಾನವನ್ನು ಅವಲಂಬಿಸಿದ್ದರೆ, ಪುರುಷರ ಪಾಲು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಪುರುಷನಿಗೆ ಮಾಡುವುದು ಹೆಚ್ಚು ಸರಳವಾದ ಚಿಕಿತ್ಸೆ. ಹೊಟ್ಟೆ ತೆರೆಯುವ ಪ್ರಮೇಯವಿಲ್ಲ, ಅದೇ ದಿನ ಮನೆಗೆ ಮರಳಬಹುದು. ಎರಡು ಬಸಿರು, ಎರಡು ಹೆರಿಗೆ ಹೊತ್ತವಳಿಗೇ ಮೂರನೆಯ ಪಾಳಿಯೂ ಏಕೆ ಎಂಬ ಪ್ರಶ್ನೆಯನ್ನು ಗಂಡಸರು ತಮ್ಮಲ್ಲಿಯೇ ಕೇಳಿಕೊಳ್ಳಬೇಕು.

ಬಾಗಿಲಿಗೆ ಬರುವ ನೆರವು

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕೆಂಬ ವ್ಯವಸ್ಥೆ 2011ರಿಂದ ದೇಶದಲ್ಲಿದೆ. ಬಾಡಿಗೆ ಮನೆ ಬದಲಿಸುತ್ತಿರುವ ನಗರದ ಕುಟುಂಬಗಳು ಈ ಪಟ್ಟಿಯಿಂದ ಜಾರಿಹೋಗುವುದು ಸುಲಭ. ಹೆರಿಗೆಗೆ ಮೊದಲೇ ಬಡಾವಣೆಯ ನಗರ ಆರೋಗ್ಯ ಕೇಂದ್ರದಲ್ಲಿ ಹೆಸರು, ವಿಳಾಸ ಬರೆಸಿ ತಾಯಿ ಕಾರ್ಡು ಮಾಡಿಸಬೇಕು. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಮೊದಲು ಚೊಚ್ಚಲ ಮಗುವಿಗೆ ಮಾತ್ರ ಇತ್ತು. 2022ರ ಏಪ್ರಿಲ್‌ನಿಂದ ಎರಡನೆಯದು ಹೆಣ್ಣಾದರೆ ಅರ್ಹ ಕುಟುಂಬಗಳಿಗೆ 6,000 ರೂಪಾಯಿ ದೊರೆಯುತ್ತದೆ. ಆರನೆಯ ವಾರದ ಲಸಿಕೆಯ ದಿನ ಮಗುವಿನ ತೂಕದಷ್ಟೇ ಮುಖ್ಯವಾಗಿ ತಾಯಿಯ ರಕ್ತದ ಪರೀಕ್ಷೆಯೂ ನಡೆಯಲಿ. ಹಿರಿಯ ಮಗು ಶಾಲೆಯಿಂದ ನೆಗಡಿ ಕೆಮ್ಮು ತರುವುದು ಖಚಿತ. ಕೈಕಾಲು ತೊಳೆದು, ಅಂಗಿ ಬದಲಿಸಿ ತೊಟ್ಟಿಲ ಬಳಿ ಹೋಗುವ ಅಭ್ಯಾಸ ಮಾಡಿಸಬೇಕೇ ಹೊರತು ಅದನ್ನು ಗದರಿಸಿ ದೂರವಿಡಬಾರದು.

ಗಂಟೆಯೊಳಗೆ ಬಟ್ಟೆ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ಕೆಟ್ಟ ವಾಸನೆಯ ಸ್ರಾವ, ತಡೆಯಲಾರದ ತಲೆನೋವು, ಒಂದೇ ಮೀನಖಂಡದ ಬಾವು – ಇವು ಕಷಾಯಕ್ಕೆ ಕಾಯುವ ಲಕ್ಷಣಗಳಲ್ಲ. 108ಕ್ಕೆ ಕರೆ ಮಾಡಬೇಕು. ಕಾಣದ ಕಾಯಿಲೆಯೂ ಒಂದಿದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಹಿರಿಯ ಮಗುವಿನ ಮೇಲೆ ಕೈಮಾಡಿ ಮರುಗಳಿಗೆಯೇ ತನ್ನನ್ನು ಹಳಿದುಕೊಳ್ಳುವುದು ದಿನದಿನವೂ ನಡೆದರೆ, ಅದನ್ನು ಸೊಕ್ಕೆಂದೋ ದೃಷ್ಟಿಯೆಂದೋ ತಳ್ಳಿಹಾಕಬಾರದು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಎರಡನೆಯ ಬಾರಿಯ ತಾಯಿ ಈ ನೋವನ್ನು ಹೇಳಿಕೊಳ್ಳುವುದು ಇನ್ನೂ ಕಷ್ಟ. "ಎಲ್ಲ ಗೊತ್ತಿರುವವಳು" ಎಂಬ ಬಿರುದು ಅವಳ ಬಾಯಿ ಕಟ್ಟಿರುತ್ತದೆ.

ಮಲೆನಾಡಿನ ಮನೆಗಳಿಂದ ನಗರಕ್ಕೆ ಹೊರಡುವ ಅಜ್ಜಿಯರು ಮೆಣಸು ತುಪ್ಪಗಳ ಜೊತೆಗೆ ಮೂರು ಮಾತುಗಳನ್ನೂ ಕೊಂಡೊಯ್ಯಲಿ: ಕೆಂಡ ಬೇಡ, ನೀರು ಬೇಕು, ಅಳಿಯನಿಗೂ ಕೆಲಸವಿದೆ. ಊರಿನಲ್ಲಿ ಉಳಿಯುವ ಅಜ್ಜನಿಗೆ ಆ ಮೂರು ತಿಂಗಳು ಊಟ, ಹಸುವಿನ ಹಾಲು ಕರೆಯುವುದು, ಕೊಯ್ಲಿನ ಆಳು – ಇವುಗಳ ಏರ್ಪಾಡನ್ನು ಮಹಿಳಾ ಸ್ವಸಹಾಯ ಸಂಘಗಳೂ ಹಾಲಿನ ಡೇರಿಗಳೂ ಸರದಿಯ ಮೇಲೆ ವಹಿಸಿಕೊಳ್ಳುವುದು ಸಾಧ್ಯ. ಮುಯ್ಯಾಳಿನ ಪದ್ಧತಿ ಗೊತ್ತಿರುವ ಸೀಮೆಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ನಾಟಿಗೆ, ಕೊಯ್ಲಿಗೆ ಹೇಗೋ, ಹಾಗೆಯೇ ಒಂದು ಮನೆಯ ಬಾಣಂತನಕ್ಕೂ ನೆರೆಯವರು ಮುಯ್ಯಿ ಹೋಗುವುದಾದರೆ, ಮಗಳ ಎರಡನೆಯ ಮಗುವಿಗಾಗಿ ಯಾವ ಕೊಟ್ಟಿಗೆಯೂ ಬರಿದಾಗಬೇಕಿಲ್ಲ.